ರಾಷ್ಟ್ರೀಯತೆ, ಸಮಾನತೆ, ಶಾಂತಿ: ಗಂಗಾವತಿ ಸೀಮೆಯಿಂದ ನೋಡಿದಾಗ

ಗಂಗಾವತಿ, ಕೊಪ್ಪಳ, ಕುಷ್ಟಗಿ, ಯಲಬುರ್ಗಾದ ಶಾಲೆ-ಕಚೇರಿಗಳಲ್ಲಿ ಸ್ವಾತಂತ್ರ್ಯದ ನೆನಪಿಗೆ ವರ್ಷಕ್ಕೆ ಎರಡು ಸಲ ಧ್ವಜ ಏರುತ್ತದೆ. ಆಗಸ್ಟ್ 15ಕ್ಕೊಮ್ಮೆ, ಸೆಪ್ಟೆಂಬರ್ 17ಕ್ಕೊಮ್ಮೆ. 1947ರಲ್ಲಿ ದೇಶ ಸ್ವತಂತ್ರವಾದಾಗ ಈ ಸೀಮೆ ಹೈದರಾಬಾದ್ ನಿಜಾಮನ ಆಳ್ವಿಕೆಯಲ್ಲೇ ಉಳಿದಿತ್ತು. ಭಾರತದ ಸೇನೆ ಬಂದು ನಿಜಾಮ ಶರಣಾಗುವ ಹೊತ್ತಿಗೆ ಮತ್ತೆ ಹದಿಮೂರು ತಿಂಗಳು ಕಳೆದಿದ್ದವು. ಆ ಹದಿಮೂರು ತಿಂಗಳಲ್ಲಿ ಇಲ್ಲಿಯ ಜನ ಊರು ಬಿಟ್ಟರು, ಶಿಬಿರ ಸೇರಿದರು, ಜೈಲು ಕಂಡರು, ಸತ್ತರು. ದೇಶ ಎಂದರೆ ಏನು, ಅದರೊಳಗೆ ಯಾರು ಸೇರುತ್ತಾರೆ ಎಂಬ ಪ್ರಶ್ನೆ ಈ ಸೀಮೆಗೆ ಪುಸ್ತಕದಿಂದ ಬಂದದ್ದಲ್ಲ, ಮನೆಬಾಗಿಲಿಗೆ ಬಂದದ್ದು.

ಜಗತ್ತಿನ ಚಿಂತಕರು ಎರಡು ಶತಮಾನಗಳಿಂದ ಜಗ್ಗಾಡುತ್ತಿರುವ ವಾದವೊಂದನ್ನು ಅದಕ್ಕಾಗಿಯೇ ಈ ನೆಲದ ಮೇಲಿಟ್ಟು ನೋಡಬೇಕೆನಿಸಿತು. ರಾಷ್ಟ್ರೀಯತೆ ಸಮಾನತೆಯೊಂದಿಗೂ ಶಾಂತಿಯೊಂದಿಗೂ ಕೂಡಿ ಬಾಳಬಲ್ಲದೇ? 'ನಾವೆಲ್ಲ ಒಂದು' ಎಂಬ ಭಾವನೆ ಮೇಲು-ಕೀಳನ್ನು ಅಳಿಸುತ್ತದೆಯೋ, ಮುಚ್ಚಿಡುತ್ತದೆಯೋ? ಹೊರಗಿನವರನ್ನು ನೆರೆಯವರೆಂದು ಕಾಣಲು ಕಲಿಸುತ್ತದೆಯೋ, ವೈರಿಗಳೆಂದೋ?

ಕೊಪ್ಪಳ ಕೋಟೆಯಿಂದ ಮುಂಡರಗಿ ಶಿಬಿರದವರೆಗೆ

1858ರ ಬೇಸಿಗೆಯ ಕೊನೆಯಲ್ಲಿ ಮುಂಡರಗಿ ಭೀಮರಾಯ ಕೊಪ್ಪಳದ ಕೋಟೆ ಹಿಡಿದ. ಬ್ರಿಟಿಷ್ ಪಡೆ ಬೆನ್ನಟ್ಟಿ ಬಂದು ಕೋಟೆಯೊಳಗೇ ಅವನನ್ನು ಕೊಂದಿತು. ಭೀಮರಾಯ, ಹಮ್ಮಿಗೆಯ ಕೆಂಚನಗೌಡ, ನರಗುಂದದ ಬಾಬಾಸಾಹೇಬ ಇವರನ್ನೆಲ್ಲ ಇಂದು ನಾವು ಸ್ವಾತಂತ್ರ್ಯ ಹೋರಾಟಗಾರರೆಂದು ಗೌರವಿಸುತ್ತೇವೆ. ಆದರೆ ಅವರನ್ನು ಕೆರಳಿಸಿದ್ದು ನಿಶ್ಶಸ್ತ್ರೀಕರಣದ ಕಾಯ್ದೆ, ಕೈತಪ್ಪಿದ ದತ್ತಕದ ಹಕ್ಕು, ದೇಸಗತಿಗಳಿಗಾದ ಅಪಮಾನ. ದಂಗೆಗೆ ಸೇರಿದ ಬಡ ರೈತನೂ ದೇಸಾಯಿಯೂ ಒಂದೇ ದೇಶದ ಸಮಾನ ಪ್ರಜೆಗಳು ಎಂಬ ಕಲ್ಪನೆ ಆಗಿನ್ನೂ ಹುಟ್ಟಿರಲಿಲ್ಲ. ಅವರ ಧೈರ್ಯವನ್ನು ಕಿರಿದು ಮಾಡಲು ಈ ಮಾತು ಹೇಳುತ್ತಿಲ್ಲ. ರಾಷ್ಟ್ರೀಯತೆ ಎಲ್ಲ ಕಾಲಕ್ಕೂ ಇದ್ದದ್ದಲ್ಲ, ಒಂದು ಕಾಲದಲ್ಲಿ ಕಟ್ಟಿದ್ದು ಎಂಬುದು ಇಲ್ಲಿಂದಲೇ ಕಾಣುತ್ತದೆ. ಅರ್ನೆಸ್ಟ್ ಗೆಲ್ನರ್, ಬೆನೆಡಿಕ್ಟ್ ಆಂಡರ್ಸನ್ ಇಬ್ಬರೂ 1983ರಲ್ಲಿ ಪ್ರಕಟಿಸಿದ ತಮ್ಮ ತಮ್ಮ ಪುಸ್ತಕಗಳಲ್ಲಿ ಇದನ್ನೇ ಬೇರೆ ಬೇರೆ ದಾರಿಯಲ್ಲಿ ವಾದಿಸಿದರು. ಗೆಲ್ನರ್ ಪ್ರಕಾರ ಕೈಗಾರಿಕಾ ಯುಗಕ್ಕೆ ಒಂದೇ ಭಾಷೆಯ, ಒಂದೇ ಶಿಕ್ಷಣದ ಜನ ಬೇಕಾದರು. ಆಂಡರ್ಸನ್ ಪ್ರಕಾರ ಅಚ್ಚಿನ ಪುಸ್ತಕ-ಪತ್ರಿಕೆಗಳನ್ನು ಓದುತ್ತ, ಒಬ್ಬರನ್ನೊಬ್ಬರು ಎಂದೂ ನೋಡಿರದ ಲಕ್ಷಾಂತರ ಜನ ತಾವೊಂದು ಸಮುದಾಯ ಎಂದು ಊಹಿಸಿಕೊಂಡರು.

ಹೈದರಾಬಾದ್ ಕರ್ನಾಟಕದಲ್ಲಿ ಈ ಊಹೆಗೆ ಇದ್ದ ಅಡ್ಡಿಗಳು ಒಂದೆರಡಲ್ಲ. ಕೊಪ್ಪಳ-ಯಲಬುರ್ಗಾ ಭಾಗ ಸಾಲಾರ್ ಜಂಗ್ ಮನೆತನದ ಜಹಗೀರು. ಆನೆಗೊಂದಿಯಲ್ಲಿ ಹಳೆಯ ರಾಜಮನೆತನದ ಸಂಸ್ಥಾನ. ಆಡಳಿತದ ಭಾಷೆ ಉರ್ದು, 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲಿ. ಕನ್ನಡ ಮಕ್ಕಳಿಗೆ ತಾಯ್ನುಡಿಯ ಶಾಲೆಯೇ ಅಪರೂಪ. ಇಂಥ ಹೊತ್ತಿನಲ್ಲಿ ಕುಕನೂರಿನ ವಿದ್ಯಾನಂದ ಗುರುಕುಲದಂಥ ಸಂಸ್ಥೆಗಳು ಎದ್ದವು. ಕನ್ನಡ ಕಲಿಯುವುದು, ಖಾದಿ ತೊಡುವುದು, ಜಹಗೀರುದಾರನ ಮುಂದೆ ತಲೆ ಎತ್ತಿ ನಿಲ್ಲುವುದು ಎಲ್ಲವೂ ಒಂದೇ ಕೆಲಸದ ಮುಖಗಳಾದವು.

1947ರ ಬೇಸಿಗೆಯಲ್ಲಿ ನಿಜಾಮ ತಾನು ಯಾವ ಕಡೆಗೂ ಸೇರುವುದಿಲ್ಲವೆಂದು ಘೋಷಿಸಿದ. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ನಾಯಕ ಸ್ವಾಮಿ ರಾಮಾನಂದ ತೀರ್ಥರು ಆಗಸ್ಟ್ 15ರಂದೇ ಬಂಧನಕ್ಕೊಳಗಾದರು. ನವೆಂಬರಿನಲ್ಲಿ ಭಾರತ ಸರ್ಕಾರ ನಿಜಾಮನೊಂದಿಗೆ ಯಥಾಸ್ಥಿತಿ ಒಪ್ಪಂದ ಮಾಡಿಕೊಂಡಿತು. ನಿಜಾಮನ ಪರವಾಗಿದ್ದ ಖಾಸಿಂ ರಜ್ವಿಯ ರಜಾಕಾರರ ಪಡೆ ಹಳ್ಳಿಗಳಿಗೆ ನುಗ್ಗಿತು. ಗಡಿಯಾಚೆಯ ಬ್ರಿಟಿಷ್ ಕರ್ನಾಟಕದಲ್ಲಿ, ಅಂದರೆ ಆಗಲೇ ಸ್ವತಂತ್ರವಾಗಿದ್ದ ಮುಂಬೈ ಪ್ರಾಂತದಲ್ಲಿ, ಶಿಬಿರಗಳು ಎದ್ದವು. ಅಳವಂಡಿಯ ಶಿವಮೂರ್ತಿಸ್ವಾಮಿಗಳು ಮುಂಡರಗಿ ಶಿಬಿರವನ್ನು ಮುನ್ನಡೆಸಿದರು, ಪುಂಡಲೀಕಪ್ಪ ಜ್ಞಾನಮೋಠೆ ಗಜೇಂದ್ರಗಡದ ಶಿಬಿರವನ್ನು. ಅಲ್ಲಿಂದ ಯುವಕರು ರಾತ್ರಿ ಹೊತ್ತು ಗಡಿ ದಾಟಿ ನಿಜಾಮನ ನಾಕೆಗಳ ಮೇಲೆ, ಠಾಣೆಗಳ ಮೇಲೆ ಬೀಳುತ್ತಿದ್ದರು. ಇಂದು ಗದಗ ಜಿಲ್ಲೆಗೂ ಕೊಪ್ಪಳ ಜಿಲ್ಲೆಗೂ ನಡುವೆ ಬಸ್ಸಿನಲ್ಲಿ ಕೂತವರಿಗೆ ಅರಿವಿಗೇ ಬಾರದ ಆ ಗಡಿ ಆಗ ಸಾವು-ಬದುಕಿನ ಗಡಿಯಾಗಿತ್ತು.

ಇದು ಸಮಾನತೆಯ ಹೋರಾಟವಾಗಿತ್ತೇ? ಒಂದು ಮಟ್ಟಿಗೆ ಹೌದು. ಭಾರತ ಸೇನೆಯ 'ಪೊಲೀಸ್ ಕಾರ್ಯಾಚರಣೆ'ಯಾದ ಮರುವರ್ಷವೇ, 1949ರಲ್ಲಿ, ಹೈದರಾಬಾದ್ ರಾಜ್ಯದ ಜಹಗೀರುಗಳು ರದ್ದಾದವು. 1950ರಲ್ಲಿ ಗೇಣಿ ಕಾಯ್ದೆ ಬಂತು. ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಕುಷ್ಟಗಿ ಕ್ಷೇತ್ರದ ಜನ ಕಾಂಗ್ರೆಸ್ಸನ್ನು ಬಿಟ್ಟು, ಪಕ್ಷೇತರರಾಗಿ ನಿಂತ ಶಿವಮೂರ್ತಿಸ್ವಾಮಿಗಳನ್ನೇ ಲೋಕಸಭೆಗೆ ಕಳಿಸಿದರು. ನಾಲ್ಕು ವರ್ಷದ ಹಿಂದೆ ಜಹಗೀರುದಾರನ ಕಾರಕೂನನ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದವನು ತನ್ನ ಪ್ರತಿನಿಧಿಯನ್ನು ತಾನೇ ಆರಿಸಿದ. ರಾಷ್ಟ್ರೀಯತೆ ಸಮಾನತೆಗೆ ಏನನ್ನೂ ಕೊಡಲಿಲ್ಲ ಎನ್ನುವವರು ಈ ಬದಲಾವಣೆಯ ತೂಕವನ್ನು ಅರಿಯದವರು.

ಸೆಪ್ಟೆಂಬರ್ 17ರ ನಂತರ

1948ರ ಸೆಪ್ಟೆಂಬರ್ 13ಕ್ಕೆ ಸೇನೆ ಹೊಕ್ಕಿತು, 17ರ ಸಂಜೆಗೆ ನಿಜಾಮ ಶರಣಾದ. ಆಮೇಲಿನ ವಾರಗಳಲ್ಲಿ ಏನಾಯಿತೆಂದು ನಮ್ಮ ಸೆಪ್ಟೆಂಬರ್ 17ರ ಭಾಷಣಗಳಲ್ಲಿ ಯಾರೂ ಹೇಳುವುದಿಲ್ಲ. ನೆಹರೂ ಪಂಡಿತ್ ಸುಂದರಲಾಲರ ನೇತೃತ್ವದಲ್ಲಿ ಸಣ್ಣ ತಂಡವೊಂದನ್ನು ಕಳಿಸಿದರು. ಅದು 1948ರ ನವೆಂಬರ್ ಕೊನೆಯಿಂದ ಡಿಸೆಂಬರಿನವರೆಗೆ ಸಂಸ್ಥಾನದ ಜಿಲ್ಲೆಗಳನ್ನು ಸುತ್ತಿತು. ಕಾರ್ಯಾಚರಣೆಯ ವೇಳೆ ಮತ್ತು ನಂತರ ಕಡಿಮೆಯೆಂದರೂ 27,000ದಿಂದ 40,000 ಜನ ಸತ್ತಿರಬೇಕು, ಅವರಲ್ಲಿ ಬಹುಪಾಲು ಮುಸ್ಲಿಮರು ಎಂಬುದು ತಂಡದ ಅಂದಾಜು. ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳಲ್ಲಿ ಕಲಬುರಗಿ, ಬೀದರ್ ಇದ್ದವು. ರಜಾಕಾರರು ಮಾಡಿದ್ದಕ್ಕೆ ರಜಾಕಾರರಲ್ಲದವರು ಬೆಲೆ ತೆತ್ತರು. ಆ ವರದಿಯನ್ನು ಸರ್ಕಾರ ದಶಕಗಳ ಕಾಲ ಹೊರಗೆ ಬಿಡಲಿಲ್ಲ.

ವರದಿಯಲ್ಲಿ ಇನ್ನೊಂದು ಸಂಗತಿಯೂ ಇದೆ. ಕೆಲವೆಡೆ ಹಿಂದೂ ನೇಕಾರರು ತಮ್ಮ ಜೊತೆಗಾರರಾದ ಮುಸ್ಲಿಂ ನೇಕಾರರನ್ನು ಕಾಪಾಡಲು ಅಡ್ಡ ನಿಂತರು, ಪ್ರಾಣವನ್ನೂ ಕೊಟ್ಟರು. ಅವರನ್ನು ಅಲ್ಲಿ ನಿಲ್ಲಿಸಿದ್ದು ಯಾವ ಸಿದ್ಧಾಂತವೂ ಅಲ್ಲ, ಪಕ್ಕಪಕ್ಕದ ಮಗ್ಗಗಳಲ್ಲಿ ವರ್ಷಗಟ್ಟಲೆ ಕೂತು ನೇಯ್ದ ಬದುಕು. ಎರಡೂ ಕಡೆಯ ರಾಷ್ಟ್ರೀಯವಾದಿ ಕಥನಗಳಲ್ಲಿ ಈ ನೇಕಾರರಿಗೆ ಜಾಗ ಸಿಕ್ಕಿಲ್ಲ.

ಫ್ರೆಂಚ್ ವಿದ್ವಾಂಸ ಅರ್ನೆಸ್ಟ್ ರೆನಾನ್ 1882ರ ತನ್ನ ಉಪನ್ಯಾಸದಲ್ಲಿ, ರಾಷ್ಟ್ರ ಕಟ್ಟಲು ನೆನಪಿನಷ್ಟೇ ಮರೆವೂ ಬೇಕು ಎಂದಿದ್ದ. ಹಳೆಯ ಕೊಲೆಗಳನ್ನು ಕೆದಕುತ್ತ ಕೂತರೆ ಒಟ್ಟಿಗೆ ಬಾಳುವುದು ಹೇಗೆ ಎಂಬುದು ಅವನ ತರ್ಕ. ಇದರಲ್ಲಿ ಸತ್ಯವಿಲ್ಲವೆಂದಲ್ಲ. ಆದರೆ ಮರೆಯುವ ಸಲಹೆ ಸಾಮಾನ್ಯವಾಗಿ ಒಂದು ಕಡೆಯವರಿಗೆ ಮಾತ್ರ ಹೋಗುತ್ತದೆ. ರಜಾಕಾರರ ಕ್ರೌರ್ಯವನ್ನು ಪ್ರತಿ ವರ್ಷ ನೆನೆದು, ಆಮೇಲಿನದನ್ನು ಮರೆಯಿರಿ ಎಂದರೆ ಆ ಮರೆವಿನಿಂದ ಶಾಂತಿ ಹುಟ್ಟದು. ಎರಡನ್ನೂ ಒಂದೇ ವೇದಿಕೆಯಿಂದ ಹೇಳುವ ದಿನ ಬಂದರೆ ಈ ಸೀಮೆಯ ಸ್ವಾತಂತ್ರ್ಯ ಹೋರಾಟದ ಘನತೆ ಕುಂದುವುದಿಲ್ಲ, ಹೆಚ್ಚುತ್ತದೆ ಎಂಬುದು ನನ್ನ ನಂಬಿಕೆ.

ರಾಷ್ಟ್ರವಿಲ್ಲದೆ ಸಮಾನತೆ ಇಲ್ಲ ಎನ್ನುವವರು

ಮೊದಲ ಗುಂಪಿನ ವಾದ ಬಲವಾದದ್ದು. ಇಟಲಿಯ ಮಾಟ್ಸಿನಿಯಿಂದ ಹಿಡಿದು ನಮ್ಮ ಕಾಲದ ಯಾಯೆಲ್ ತಮೀರ್, ಡೇವಿಡ್ ಮಿಲ್ಲರ್‌ವರೆಗೆ ಹಲವರು ಇದನ್ನು ಬೆಳೆಸಿದ್ದಾರೆ. ತೆರಿಗೆ ಕಟ್ಟಿ, ಎಂದೂ ಕಾಣದ ಊರಿನ ಮಗುವಿನ ಶಾಲೆಗೆ ಹಣ ಹೋಗಲಿ ಎಂದು ಒಪ್ಪಬೇಕಾದರೆ ಆ ಮಗು 'ನಮ್ಮದು' ಅನ್ನಿಸಬೇಕು. ಆ ಭಾವನೆಯನ್ನು ಇಷ್ಟು ದೊಡ್ಡ ಮಟ್ಟದಲ್ಲಿ ಹುಟ್ಟಿಸಬಲ್ಲ ಶಕ್ತಿ ರಾಷ್ಟ್ರೀಯತೆಯನ್ನು ಬಿಟ್ಟು ಬೇರೆ ಯಾವುದಕ್ಕೂ ಈವರೆಗೆ ಸಿಕ್ಕಿಲ್ಲ ಎನ್ನುತ್ತಾರೆ ಇವರು. ಲಿಯಾ ಗ್ರೀನ್‌ಫೆಲ್ಡ್ 1992ರಲ್ಲಿ ಇದಕ್ಕೆ ಚರಿತ್ರೆಯ ಬೆಂಬಲ ಕೊಟ್ಟರು: ರಾಜ-ಪ್ರಜೆ, ಕುಲೀನ-ಸಾಮಾನ್ಯ ಎಂಬ ಶ್ರೇಣಿ ಇದ್ದಲ್ಲಿ ಎಲ್ಲರೂ ಒಂದೇ ರಾಷ್ಟ್ರದ ಸದಸ್ಯರು ಎಂಬ ಕಲ್ಪನೆಯೇ ಕಟ್ಟಕಡೆಯ ಮನುಷ್ಯನಿಗೆ ಘನತೆ ತಂದಿತು.

ಪ್ರೇರಣಾ ಸಿಂಗ್ ಅವರ 2015ರ ಅಧ್ಯಯನ ಭಾರತದ ರಾಜ್ಯಗಳ ಮಟ್ಟದಲ್ಲಿ ಇದನ್ನು ಪರೀಕ್ಷಿಸಿತು. ಕೇರಳ, ತಮಿಳುನಾಡುಗಳಲ್ಲಿ ಭಾಷೆಯ ಸುತ್ತ ಬೆಳೆದ ಒಗ್ಗಟ್ಟು ಶಾಲೆ-ಆಸ್ಪತ್ರೆಗಳ ಬೇಡಿಕೆಯಾಗಿ ಮಾರ್ಪಟ್ಟಿತು. ಅಂಥ ಒಗ್ಗಟ್ಟು ಇಲ್ಲದ ಉತ್ತರದ ರಾಜ್ಯಗಳು ಹಿಂದುಳಿದವು ಎಂಬುದು ಅವರ ವಿವರಣೆ.

ಈ ವಿವರಣೆಯನ್ನು ನಮ್ಮ ಸೀಮೆಗೆ ಹಿಡಿದು ನೋಡಿದರೆ ನೋವಾಗುತ್ತದೆ. 1956ರ ನವೆಂಬರ್ 1ಕ್ಕೆ ರಾಯಚೂರು ಜಿಲ್ಲೆಯ ಭಾಗವಾಗಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕನ್ನಡ ರಾಜ್ಯ ಸೇರಿದವು. ಏಕೀಕರಣಕ್ಕೆ ಇಲ್ಲಿಯ ಜನ ಹೃದಯ ಕೊಟ್ಟು ದುಡಿದಿದ್ದರು. 46 ವರ್ಷಗಳ ನಂತರ, 2002ರಲ್ಲಿ, ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳನ್ನು ಪಟ್ಟಿ ಮಾಡಿದಾಗ 21 ತಾಲ್ಲೂಕುಗಳು ಕಲಬುರಗಿ ವಿಭಾಗದಲ್ಲೇ ಇದ್ದವು. ಕುಷ್ಟಗಿ, ಯಲಬುರ್ಗಾ ಎರಡೂ ಆ ಪಟ್ಟಿಯಲ್ಲಿದ್ದವು. 'ನಾವೆಲ್ಲ ಕನ್ನಡಿಗರು' ಎಂಬ ಭಾವ ಬೆಂಗಳೂರು-ಮೈಸೂರಿನಿಂದ ಯಲಬುರ್ಗಾಕ್ಕೆ ಶಾಲೆ, ರಸ್ತೆ, ನೀರಾಗಿ ಹರಿದು ಬರಲಿಲ್ಲ. ಕಡೆಗೆ ಸಂವಿಧಾನಕ್ಕೆ 98ನೇ ತಿದ್ದುಪಡಿ ತಂದು 371(ಜೆ) ವಿಧಿಯನ್ನು ಸೇರಿಸಬೇಕಾಯಿತು. ಅದು 2013ರಿಂದ ಜಾರಿಯಲ್ಲಿದೆ. ಉದ್ಯೋಗದಲ್ಲಿ, ಕಾಲೇಜು ಸೀಟುಗಳಲ್ಲಿ ಈ ಭಾಗದ ಮಕ್ಕಳಿಗೆ ಪಾಲು ಕೊಟ್ಟದ್ದು ಸೋದರಭಾವವಲ್ಲ, ಕಾನೂನು. ಒಗ್ಗಟ್ಟಿನಿಂದ ಸಮಾನತೆ ತಾನಾಗಿ ಹುಟ್ಟುತ್ತದೆ ಎನ್ನುವವರು ಉತ್ತರ ಕೊಡಬೇಕಾದ ಪ್ರಶ್ನೆ ಇದು.

ರಾಷ್ಟ್ರದಲ್ಲೇ ಕಲಹದ ಬೇರು ಕಂಡವರು

ಇನ್ನೊಂದು ತುದಿಯಲ್ಲಿ ರವೀಂದ್ರನಾಥ ಟಾಗೋರ್ ನಿಲ್ಲುತ್ತಾರೆ. ಮೊದಲ ಮಹಾಯುದ್ಧದ ನಡುವೆ, 1916-17ರಲ್ಲಿ, ಜಪಾನ್ ಮತ್ತು ಅಮೆರಿಕದಲ್ಲಿ ಅವರು ಮಾಡಿದ ಭಾಷಣಗಳು ರಾಷ್ಟ್ರವನ್ನು ಲಾಭಕ್ಕೂ ಬಲಕ್ಕೂ ಸಂಘಟಿತವಾದ ಯಂತ್ರವೆಂದು ಕರೆದವು. ಭಾರತದ ನಿಜವಾದ ಸಮಸ್ಯೆ ರಾಜಕೀಯದ್ದಲ್ಲ, ಸಾಮಾಜಿಕವಾದದ್ದು ಎಂದರು ಅವರು. ಸ್ವಾತಂತ್ರ್ಯ ಚಳವಳಿ ಏರುಗತಿಯಲ್ಲಿದ್ದಾಗ ಇಂಥ ಮಾತಾಡಲು ಎದೆ ಬೇಕಿತ್ತು. ಮಾರ್ಕ್ಸ್‌ವಾದಿಗಳು ಇನ್ನೊಂದು ದಿಕ್ಕಿನಿಂದ ಬಂದರು: ದುಡಿಯುವವನನ್ನು ದುಡಿಸಿಕೊಳ್ಳುವವನ ಜೊತೆ 'ನಾವು' ಎಂಬ ಒಂದೇ ಪದದಲ್ಲಿ ಕೂಡಿಸುವುದೇ ಮೋಸ ಎಂದರು ರೋಸಾ ಲಕ್ಸಂಬರ್ಗ್‌ರಂಥವರು. 1914ರಲ್ಲಿ ಯೂರೋಪಿನ ಸಮಾಜವಾದಿ ಪಕ್ಷಗಳೇ ತಂತಮ್ಮ ದೇಶದ ಯುದ್ಧಕ್ಕೆ ಕೈ ಎತ್ತಿದಾಗ ಆ ಪದದ ಬಲ ಎಷ್ಟೆಂದು ಜಗತ್ತಿಗೆ ತಿಳಿಯಿತು. ನಿಜಾಮನ ರಾಜ್ಯದಲ್ಲೇ ತೆಲಂಗಾಣದ ರೈತರು ದೊರೆಗಳ ವಿರುದ್ಧ ಎದ್ದ ಸಶಸ್ತ್ರ ಹೋರಾಟ 1951ರವರೆಗೂ ನಡೆಯಿತು. ನಿಜಾಮ ಹೋದ ಮೇಲೂ ಅವರು ಬಂದೂಕು ಕೆಳಗಿಡದೇ ಇದ್ದುದಕ್ಕೆ ಕಾರಣ ಭೂಮಿ.

ಸಮಾಜವಿಜ್ಞಾನಿ ಆಂಡ್ರಿಯಾಸ್ ವಿಮ್ಮರ್ 2013ರಲ್ಲಿ ಎರಡು ಶತಮಾನಗಳ ಯುದ್ಧಗಳನ್ನು ಲೆಕ್ಕ ಹಾಕಿ ತೋರಿಸಿದ್ದು ಇಷ್ಟು: ಸಾಮ್ರಾಜ್ಯಗಳು ಒಡೆದು ರಾಷ್ಟ್ರಗಳಾಗುವ ಹೊತ್ತಿನಲ್ಲೇ ಯುದ್ಧದ ಸಂಭವ ಹೆಚ್ಚು, ಮತ್ತು ಯಾವುದಾದರೂ ಸಮುದಾಯವನ್ನು ಅಧಿಕಾರದಿಂದ ಹೊರಗಿಟ್ಟ ರಾಷ್ಟ್ರಗಳಲ್ಲಿ ಒಳಜಗಳ ಹೆಚ್ಚು. ಈ ಎರಡನೆಯ ಮಾತು ನನಗೆ ಮುಖ್ಯವೆನಿಸುತ್ತದೆ. ಶಾಂತಿ ಒಂದು ಪ್ರಶ್ನೆ, ಸಮಾನತೆ ಇನ್ನೊಂದು ಪ್ರಶ್ನೆ ಎಂದು ನಾವು ಬೇರೆ ಬೇರೆ ಇಡುತ್ತೇವೆ. ಹೊರಗಿಡುವಿಕೆ ಇದ್ದಲ್ಲಿ ಎರಡೂ ಒಟ್ಟಿಗೇ ಮುರಿಯುತ್ತವೆ.

ಅಂಬೇಡ್ಕರರ ಅಳತೆಗೋಲು, ಮರಕುಂಬಿಯ ಗುಡಿಸಲು

1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಎತ್ತಿದ ಪ್ರಶ್ನೆ ಈ ಎರಡೂ ಗುಂಪುಗಳಿಗಿಂತ ಆಳಕ್ಕೆ ಹೋಗುತ್ತದೆ. ಸಾವಿರಾರು ಜಾತಿಗಳಾಗಿ ಒಡೆದ ಜನ ಒಂದು ರಾಷ್ಟ್ರವಾಗುವುದು ಹೇಗೆ ಎಂದು ಅವರು ಕೇಳಿದರು. ನಾವು ಈಗಾಗಲೇ ರಾಷ್ಟ್ರವಾಗಿದ್ದೇವೆಂದು ನಂಬುವುದು ಭ್ರಮೆ ಎಂದರು. ಜಾತಿಗಳೇ ರಾಷ್ಟ್ರವಿರೋಧಿ ಎಂದರು. ಗಮನಿಸಬೇಕಾದದ್ದು, ಅಂಬೇಡ್ಕರ್ ರಾಷ್ಟ್ರವನ್ನು ತಿರಸ್ಕರಿಸಲಿಲ್ಲ. ಅದನ್ನು ಇನ್ನೂ ಕಟ್ಟಬೇಕಾದ ಕೆಲಸವೆಂದು ಕಂಡರು, ಬಂಧುತ್ವವಿಲ್ಲದೆ ಅದು ನಿಲ್ಲದು ಎಂದು ಎಚ್ಚರಿಸಿದರು. ರಾಷ್ಟ್ರವಿರೋಧಿ ಯಾರು ಎಂಬ ಪ್ರಶ್ನೆಗೆ ಗಡಿಯತ್ತ, ಅನ್ಯಧರ್ಮದವರತ್ತ ಬೆರಳು ತೋರುವ ರೂಢಿ ನಮ್ಮದು. ಅಂಬೇಡ್ಕರ್ ಅದನ್ನು ನಮ್ಮ ಊರಿನೊಳಕ್ಕೇ ತಿರುಗಿಸಿದರು.

ಹಾಗೆ ತಿರುಗಿಸಿದಾಗ ಗಂಗಾವತಿ ತಾಲ್ಲೂಕಿನ ಮರಕುಂಬಿ ಕಾಣುತ್ತದೆ. ಕ್ಷೌರದಂಗಡಿಗೆ, ಹೋಟೆಲಿಗೆ ದಲಿತರಿಗೆ ಪ್ರವೇಶವಿಲ್ಲ ಎಂಬುದು ಅಲ್ಲಿನ ಜಗಳದ ಮೂಲ. 2014ರ ಆಗಸ್ಟಿನಲ್ಲಿ ಅದು ದಲಿತ ಕೇರಿಯ ಗುಡಿಸಲುಗಳಿಗೆ ಬೆಂಕಿ ಹಚ್ಚುವಲ್ಲಿಗೆ ಮುಟ್ಟಿತು. ನೂರಕ್ಕೂ ಹೆಚ್ಚು ಜನ ಆರೋಪಿಗಳಾದರು. ಹತ್ತು ವರ್ಷ ವಿಚಾರಣೆ ನಡೆದು, ಆ ನಡುವೆ ಹಲವು ಆರೋಪಿಗಳು ತೀರಿಕೊಂಡು, 2024ರ ಅಕ್ಟೋಬರ್ 24ರಂದು ಕೊಪ್ಪಳದ ಜಿಲ್ಲಾ ನ್ಯಾಯಾಲಯ 101 ಮಂದಿಗೆ ಶಿಕ್ಷೆ ವಿಧಿಸಿತು: 98 ಜನರಿಗೆ ಜೀವಾವಧಿ, ಮೂವರಿಗೆ ಐದು ವರ್ಷ. ಜಾತಿ ದೌರ್ಜನ್ಯದ ಒಂದೇ ಪ್ರಕರಣದಲ್ಲಿ ಇಷ್ಟು ಜನರಿಗೆ ಜೀವಾವಧಿ ಶಿಕ್ಷೆಯಾದದ್ದು ಅಪರೂಪ. ಮೇಲ್ಮನವಿ ಹೈಕೋರ್ಟ್ ಮೆಟ್ಟಿಲೇರಿತು.

ಕ್ಷೌರದಂಗಡಿಯ ಕುರ್ಚಿಯನ್ನು ಸ್ವಲ್ಪ ಯೋಚಿಸಿ. ಲೋಕಸಭೆಯ ಸದಸ್ಯನನ್ನು ಆರಿಸಲು ದಲಿತನಿಗೆ ಒಂದು ಓಟು, ಊರಿನ ಗೌಡನಿಗೂ ಅದೇ ಒಂದು ಓಟು. ಆದರೆ ಮುಖ ಕ್ಷೌರಕ್ಕೆ ದೂರದ ಗಂಗಾವತಿಗೆ ಹೋಗಬೇಕೆಂದರೆ, ಆ ಮನುಷ್ಯನಿಗೆ ಯಾವ ರಾಷ್ಟ್ರದ ಸದಸ್ಯತ್ವ ಸಿಕ್ಕಿತು? 2021ರಲ್ಲಿ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ ಮಳೆ ಬಂತೆಂದು ದಲಿತ ಕುಟುಂಬದ ಪುಟ್ಟ ಮಗುವೊಂದು ಹನುಮಪ್ಪನ ಗುಡಿಯೊಳಗೆ ಓಡಿತು. ಗುಡಿ ಶುದ್ಧಿಗೆಂದು ಅಪ್ಪನ ಮೇಲೆ ದಂಡ ಹೇರಲಾಯಿತು. ಆ ಮಗುವಿಗೂ ಗುಡಿಯವರಿಗೂ ದೇವರು ಒಬ್ಬನೇ, ಭಾಷೆ ಒಂದೇ, ಊರೂ ಒಂದೇ. ರಾಷ್ಟ್ರೀಯತೆಯ ವ್ಯಾಖ್ಯಾನಗಳಲ್ಲಿ ಪಟ್ಟಿ ಮಾಡುವ ಎಲ್ಲ ಸಮಾನ ಅಂಶಗಳೂ ಅಲ್ಲಿದ್ದವು, ಸಮಾನತೆಯೊಂದನ್ನು ಬಿಟ್ಟು.

ವಿ.ಡಿ. ಸಾವರ್ಕರ್ 1923ರಲ್ಲಿ ಪಿತೃಭೂಮಿ-ಪುಣ್ಯಭೂಮಿಯ ಅಳತೆಯಿಂದ ರಾಷ್ಟ್ರದ ಸದಸ್ಯತ್ವವನ್ನು ವ್ಯಾಖ್ಯಾನಿಸಿದರು. ಹಿಂದೂಗಳನ್ನು ಜಾತಿ ಮೀರಿ ಒಂದುಗೂಡಿಸುವುದು ಆ ವಾದದ ಆಶಯವೆನ್ನುವವರಿದ್ದಾರೆ, ಸಾವರ್ಕರ್ ಸ್ವತಃ ಅಸ್ಪೃಶ್ಯತೆಯನ್ನು ವಿರೋಧಿಸಿದ್ದರೆಂಬುದೂ ನಿಜ. ಆದರೆ ಮಿಯಾಪುರದ ಮಗು ಆ ಅಳತೆಯಲ್ಲಿ ಪೂರ್ತಿ ಒಳಗಿನದು, ಆದರೂ ಗುಡಿಯ ಹೊರಗಿನದು. ಹೊರಗಿನವರನ್ನು ಗುರುತಿಸುವುದರಲ್ಲೇ ತನ್ನ ಗುರುತು ಕಾಣುವ ರಾಷ್ಟ್ರೀಯತೆ ಒಳಗಿನ ಮೇಲು-ಕೀಳನ್ನು ಮುಟ್ಟದೆಯೇ ಮುಂದೆ ಹೋಗಬಲ್ಲದು. ನಾನು ಒಪ್ಪುವ ಅಳತೆಗೋಲು ಅಂಬೇಡ್ಕರರದು: ರಾಷ್ಟ್ರೀಯತೆ ಪರರಿಂದ ಏನು ಕೇಳುತ್ತದೆ ಎಂಬುದಕ್ಕಿಂತ ತನ್ನವರಿಂದ ಏನು ಕೇಳುತ್ತದೆ ಎಂದು ನೋಡಬೇಕು.

ಹೆಣ್ಣುಮಕ್ಕಳ ಪ್ರಶ್ನೆಯಲ್ಲೂ ಇದೇ ಕಾಣುತ್ತದೆ. ನಾಡು ತಾಯಿ, ಭಾರತ ಮಾತೆ, ತಾಯಿ ಭುವನೇಶ್ವರಿ. ಭುವನೇಶ್ವರಿಯ ಗುಡಿ ಇರುವುದು ತುಂಗಭದ್ರಾ ಹೊಳೆಯಾಚೆ ಹಂಪಿಯ ವಿರೂಪಾಕ್ಷನ ಆವರಣದಲ್ಲೇ. ಹೊಳೆಯ ಈಚೆ ಕೊಪ್ಪಳ ಜಿಲ್ಲೆಯಲ್ಲಿ, 1982ರ ನಿಷೇಧ ಕಾಯ್ದೆಯ ನಂತರವೂ, ದೇವದಾಸಿಯರ ಮಕ್ಕಳು ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರಿನ ಕಾಲಂ ಎದುರು ತಲೆತಗ್ಗಿಸಿ ನಿಂತಿದ್ದಾರೆ. ರಾಷ್ಟ್ರೀಯತೆ ಹೆಣ್ಣನ್ನು ಲಾಂಛನ ಮಾಡುತ್ತದೆ, ಪ್ರಜೆ ಮಾಡಲು ತಡ ಮಾಡುತ್ತದೆ ಎಂಬ ಸ್ತ್ರೀವಾದಿಗಳ ಟೀಕೆಗೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ಕನ್ನಡದ ದಾರಿ ಬೇರೆಯೇ?

ಕನ್ನಡದ ನಾಡಪ್ರೇಮ ಸೌಮ್ಯವಾದದ್ದು, ಎಲ್ಲರನ್ನೂ ಒಳಗೊಳ್ಳುವಂಥದ್ದು ಎಂಬ ಮಾತು ಬಹಳ ಕೇಳಿಬರುತ್ತದೆ. ಅದಕ್ಕೆ ಆಧಾರವಿದೆ. ಒಂಬತ್ತನೇ ಶತಮಾನದ ಕವಿರಾಜಮಾರ್ಗ ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಹೇಳುವಾಗ ಅದರ ತಿರುಳಿನಲ್ಲಿ ಎಣಿಸಿದ ಊರುಗಳಲ್ಲಿ ಕೊಪಣವೂ ಒಂದು. ಆಗ ಜೈನರ ದೊಡ್ಡ ತೀರ್ಥವಾಗಿದ್ದ ಕೊಪಣವೆಂದರೆ ನಮ್ಮ ಇಂದಿನ ಕೊಪ್ಪಳ. ಪರರ ವಿಚಾರವನ್ನೂ ಧರ್ಮವನ್ನೂ ಸಹಿಸುವುದೇ ಸಂಪತ್ತು ಎಂದದ್ದೂ ಅದೇ ಗ್ರಂಥ. ಅದೇ ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡಿನ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. ಆಮೇಲೆ ಜಾತಿಯನ್ನು ಅಲ್ಲಗಳೆದ ಕಲ್ಯಾಣದ ಶರಣರು ಬಂದರು.

ಆಲೂರು ವೆಂಕಟರಾಯರು 1917ರಲ್ಲಿ 'ಕರ್ನಾಟಕ ಗತವೈಭವ' ಪ್ರಕಟಿಸಿದಾಗ ಕನ್ನಡಿಗರಿಗೆ ತಮ್ಮ ಚರಿತ್ರೆಯ ಹೆಮ್ಮೆ ಬೇಕಿತ್ತು. ಕರ್ನಾಟಕತ್ವಕ್ಕೂ ಭಾರತೀಯತೆಗೂ ವಿರೋಧವಿಲ್ಲ ಎಂದು ಅವರು ಒತ್ತಿ ಹೇಳಿದರು. ಕುವೆಂಪು ಕರ್ನಾಟಕವನ್ನು ಭಾರತ ಜನನಿಯ ಮಗಳೆಂದರು, ಮುಂದೆ ವಿಶ್ವಮಾನವತೆಗೆ ನಡೆದರು. ಅವರ ಗೀತೆ 2004ರಲ್ಲಿ ನಾಡಗೀತೆಯಾಯಿತು. ಒಂದರೊಳಗೊಂದು ಕೂರುವ ನಿಷ್ಠೆಗಳು ಕಲಹ ತರಬೇಕಿಲ್ಲ ಎಂಬುದಕ್ಕೆ ಕನ್ನಡ ಒಳ್ಳೆಯ ಉದಾಹರಣೆ.

ಆದರೆ ಗತವೈಭವದ ಕಥನ ವಿಜಯನಗರದ ಹತ್ತಿರ ಬಂದಾಗ ತೊಡಕು ಶುರುವಾಗುತ್ತದೆ. ರಾಬರ್ಟ್ ಸಿವೆಲ್ 1900ರಲ್ಲಿ ಬರೆದ ಪುಸ್ತಕ ವಿಜಯನಗರವನ್ನು ಮುಸ್ಲಿಂ ದಂಡಯಾತ್ರೆಗೆ ಎದುರಾದ ಕೋಟೆಯಾಗಿ ಚಿತ್ರಿಸಿತು. ಆ ಚಿತ್ರವೇ ನಮ್ಮ ಶಾಲೆ, ಸಿನಿಮಾ, ಭಾಷಣಗಳಲ್ಲಿ ಉಳಿಯಿತು. ಹಂಪಿಯಲ್ಲೇ ಅದಕ್ಕೆ ಹೊಂದದ ಸಾಕ್ಷ್ಯಗಳಿವೆ. ಇಮ್ಮಡಿ ದೇವರಾಯನ ಸೇವೆಯಲ್ಲಿದ್ದ ಅಹಮದ್ ಖಾನ್ 1439ರಲ್ಲಿ ಕಟ್ಟಿಸಿದ ಮಸೀದಿಯ ಕನ್ನಡ ಶಾಸನ, ಅದನ್ನು ಧರ್ಮಶಾಲೆ ಎಂದು ಕರೆದು ರಾಜನ ಪುಣ್ಯಕ್ಕೆ ಅರ್ಪಿಸುತ್ತದೆ. ವಿಜಯನಗರದ ಅರಸರು ಸುಲ್ತಾನ ಎಂಬ ಪದವನ್ನು ತಮ್ಮ ಬಿರುದಿನಲ್ಲಿ ಸೇರಿಸಿಕೊಂಡಿದ್ದರು. 1565ರ ಯುದ್ಧ ನಡೆದದ್ದು ನಿಜ, ನಗರ ಹಾಳಾದದ್ದೂ ನಿಜ. ಅದನ್ನು ಇಂದಿನ ನೆರೆಮನೆಯವರ ಲೆಕ್ಕಕ್ಕೆ ಬರೆಯುವುದು ಚರಿತ್ರೆಯ ಕೆಲಸವಲ್ಲ. ಆನೆಗೊಂದಿಯ ಅಂಜನಾದ್ರಿಗೆ ಬರುವ ಭಕ್ತರ ಭಕ್ತಿ ದೊಡ್ಡದು. ಆ ಭಕ್ತಿಯನ್ನು ಯಾರ ವಿರುದ್ಧವಾದರೂ ತಿರುಗಿಸಬೇಕೆನ್ನುವವರಿಂದ ಅದನ್ನು ಕಾಪಾಡಿಕೊಳ್ಳಬೇಕಾದವರು ಭಕ್ತರೇ.

ಭಾಷೆಯ ರಾಷ್ಟ್ರೀಯತೆಗೂ ಕರಾಳ ದಿನಗಳಿವೆ. 1982ರ ಗೋಕಾಕ್ ಚಳವಳಿ ಕನ್ನಡದ ಮಕ್ಕಳಿಗೆ ಕನ್ನಡದಲ್ಲಿ ಹಕ್ಕು ಕೇಳಿತು, ಅದು ಸಮಾನತೆಯ ಬೇಡಿಕೆಯೇ. 1991ರ ಡಿಸೆಂಬರಿನಲ್ಲಿ ಕಾವೇರಿ ಮಧ್ಯಂತರ ತೀರ್ಪಿನ ಹೆಸರಲ್ಲಿ ಬೆಂಗಳೂರಿನ ಬಡ ತಮಿಳರ ಗುಡಿಸಲುಗಳ ಮೇಲೆ ಬಿದ್ದವರು ಕೇಳಿದ್ದು ಬೇರೆಯದು. ಇನ್ನು ಅಂಬೇಡ್ಕರ್ 1955ರಲ್ಲಿ ಭಾಷಾವಾರು ರಾಜ್ಯಗಳ ಬಗ್ಗೆ ಬರೆಯುತ್ತ, ಒಂದು ಭಾಷೆಯ ರಾಜ್ಯವೆಂದರೆ ಒಂದೆರಡು ದೊಡ್ಡ ಜಾತಿಗಳ ಕೈಗೆ ಅಧಿಕಾರ ಹೋಗುವುದು, ಸಣ್ಣ ಜಾತಿಗಳು ಅವರ ಹಂಗಿನಲ್ಲಿ ಬದುಕುವುದು ಎಂಬ ಅಪಾಯವಿದೆ ಎಂದಿದ್ದರು. ಕರ್ನಾಟಕದ ರಾಜಕೀಯವನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮುಲ್ಕಿ, ಕ್ಯಾಂಪು, ಗುಳೆ

ನಿಜಾಮನ ಕಾಲದಲ್ಲೇ, 1919ರಿಂದ, ಸಂಸ್ಥಾನದ ನೌಕರಿ ಸ್ಥಳೀಯರಿಗೇ ಸಿಗಬೇಕೆಂಬ ಮುಲ್ಕಿ ನಿಯಮಗಳಿದ್ದವು. ಮುಲ್ಕಿ ಎಂಬುದರಲ್ಲಿ ಹಿಂದೂ-ಮುಸ್ಲಿಂ ಭೇದವಿರಲಿಲ್ಲ, ಇದ್ದದ್ದು ಈ ನೆಲದವ-ಹೊರಗಿನವ ಎಂಬ ಭೇದ. ಇಂದಿನ 371(ಜೆ) ಪ್ರಮಾಣಪತ್ರಕ್ಕಾಗಿ ತಹಶೀಲ್ದಾರ್ ಕಚೇರಿಯಲ್ಲಿ ಸಾಲು ನಿಲ್ಲುವ ಹುಡುಗ-ಹುಡುಗಿಯರು ಒಂದು ಅರ್ಥದಲ್ಲಿ ಅದೇ ವಾದದ ವಾರಸುದಾರರು.

ಗಂಗಾವತಿಯಲ್ಲಿ ಈ ಭೇದ ಗದ್ದೆಯಲ್ಲೇ ಕಾಣುತ್ತದೆ. 1950ರ ದಶಕದಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದಾಗ ಆಂಧ್ರದ ಕರಾವಳಿ ಜಿಲ್ಲೆಗಳಿಂದ ರೈತರು ಬಂದರು. ಜೋಳ-ಸಜ್ಜೆ ಬೆಳೆಯುತ್ತಿದ್ದ ಸ್ಥಳೀಯರಿಂದ ಭೂಮಿ ಕೊಂಡು, ಗುತ್ತಿಗೆ ಹಿಡಿದು, ಕ್ಯಾಂಪುಗಳನ್ನು ಕಟ್ಟಿಕೊಂಡು ಭತ್ತ ಬೆಳೆದರು. ಗಂಗಾವತಿ ಭತ್ತದ ಕಣಜವಾಯಿತು, ಅಕ್ಕಿ ಗಿರಣಿಗಳು ಎದ್ದವು. ಮೂರನೇ ತಲೆಮಾರಿನ ಕ್ಯಾಂಪಿನ ಮಕ್ಕಳು ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಮಾತಾಡುತ್ತಾರೆ. ಅವರು ಕನ್ನಡಿಗರೇ? 2011ರ ಡಿಸೆಂಬರಿನಲ್ಲಿ ಇದೇ ಗಂಗಾವತಿಯಲ್ಲಿ ಸಿ.ಪಿ. ಕೃಷ್ಣಕುಮಾರರ ಅಧ್ಯಕ್ಷತೆಯಲ್ಲಿ 78ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದದ್ದೂ ಉಂಟು. ಆದರೆ ನೀರಾವರಿ ಭೂಮಿ ಸ್ಥಳೀಯ ಸಣ್ಣ ರೈತನ ಕೈಯಿಂದ ಜಾರಿದ್ದೂ ನಿಜ, ಆ ಗದ್ದೆಗಳಲ್ಲಿ ಬಾಗಿ ನಾಟಿ ಹಚ್ಚುವ ಹೆಣ್ಣಾಳುಗಳಿಗೆ ಭೂಮಿ ಇಲ್ಲದ್ದೂ ನಿಜ. ಮೊದಲನೆಯದನ್ನು ಹೇಳುವ ರಾಷ್ಟ್ರೀಯವಾದಿ ಎರಡನೆಯದಕ್ಕೆ ಮೌನವಾಗುತ್ತಾನೆ.

ಅದೇ ಹೊತ್ತಿಗೆ ಕಾಲುವೆ ನೀರು ಮುಟ್ಟದ ಕುಷ್ಟಗಿ-ಯಲಬುರ್ಗಾದ ಎರೆ ಹೊಲಗಳಿಂದ, ಮಸಾರಿ ಹೊಲಗಳಿಂದ ಜನ ಗುಳೆ ಹೋಗುತ್ತಾರೆ: ಬೆಂಗಳೂರು, ಮಂಗಳೂರು, ಗೋವಾ. ಗೋವಾದಲ್ಲಿ ಅವರೇ ಹೊರಗಿನವರು. 2004ರಲ್ಲಿ ವಾಸ್ಕೋದ ಬೈನಾದಲ್ಲಿ ಮನೆಗಳನ್ನು ಕೆಡವಿದಾಗ ಬೀದಿಗೆ ಬಿದ್ದವರಲ್ಲಿ ಉತ್ತರ ಕರ್ನಾಟಕದ ಕುಟುಂಬಗಳು ಬಹಳ. ತನ್ನ ಊರಲ್ಲಿ ಮುಲ್ಕಿಯಾದವನು ಬಸ್ಸು ಇಳಿದ ಊರಲ್ಲಿ 'ಘಾಟಿ', ಅಂದರೆ ಹೊರಗಿನವ, ಎನಿಸಿಕೊಳ್ಳುತ್ತಾನೆ. ಪಕ್ಕದ ಸಿಂಧನೂರು ತಾಲ್ಲೂಕಿನ ಪುನರ್ವಸತಿ ಕ್ಯಾಂಪುಗಳಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳು ದಶಕಗಳಿಂದ ಬಾಳುತ್ತಿವೆ. ಪೌರತ್ವದ ಕಾಗದದ ಚಿಂತೆ ಅವರನ್ನು ಬಹುಕಾಲ ಕಾಡಿದೆ. ಜರ್ಮನಿಯ ಯುರ್ಗೆನ್ ಹಾಬರ್ಮಾಸ್ ಹೇಳುವ ಸಂವಿಧಾನನಿಷ್ಠ ದೇಶಪ್ರೇಮ, ಅಂದರೆ ರಕ್ತ-ಭಾಷೆಗಳ ಬದಲು ಹಕ್ಕುಗಳ ಸುತ್ತ ಕಟ್ಟಿದ ನಿಷ್ಠೆ, ಇಂಥವರಿಗೆಲ್ಲ ಜಾಗ ಕೊಡುತ್ತದೆ. ಅದು ಜನರ ಎದೆಗಿಳಿಯದಷ್ಟು ತಣ್ಣಗಿನದು ಎಂಬುದು ಅದರ ಮೇಲಿನ ಹಳೆಯ ಆಕ್ಷೇಪ. ನಮ್ಮ ದಲಿತ ಕೇರಿಗಳಲ್ಲಿ ಏಪ್ರಿಲ್ 14ರಂದು ಸಂವಿಧಾನದ ಪ್ರತಿ ಹಿಡಿದ ನೀಲಿ ಕೋಟಿನ ಅಂಬೇಡ್ಕರರ ಚಿತ್ರಕ್ಕೆ ಹಾರ ಹಾಕಿ ಕುಣಿಯುವವರನ್ನು ನೋಡಿದವರು ಆ ಆಕ್ಷೇಪವನ್ನು ಸುಲಭವಾಗಿ ಒಪ್ಪಲಾರರು.

ತೀರದೆ ಉಳಿದ ಪ್ರಶ್ನೆಗಳು

ಒಗ್ಗಟ್ಟು ಮೊದಲೋ, ಸಮಾನತೆ ಮೊದಲೋ ಎಂಬುದು ಇತ್ಯರ್ಥವಾಗಿಲ್ಲ. ಮಿಲ್ಲರ್, ಪ್ರೇರಣಾ ಸಿಂಗ್ ಒಗ್ಗಟ್ಟಿನಿಂದ ಹೊರಡುತ್ತಾರೆ, ಅಂಬೇಡ್ಕರ್ ಬಂಧುತ್ವದ ಬೇರನ್ನು ಸಮಾನತೆಯಲ್ಲಿ ಹುಡುಕುತ್ತಾರೆ. 371(ಜೆ) ವಿಧಿಯ ದಶಕ ಮೀರಿದ ಅನುಭವ ಇದಕ್ಕೆ ಒಂದು ಪರೀಕ್ಷೆಯಾಗಬಲ್ಲದು, ಆದರೆ ಅದರ ಫಲ ಈಗ ಕಲ್ಯಾಣ ಕರ್ನಾಟಕವೆನಿಸಿದ ಹೈದರಾಬಾದ್ ಕರ್ನಾಟಕದೊಳಗೆ ಯಾವ ಜಾತಿ, ಯಾವ ವರ್ಗದ ಮಕ್ಕಳಿಗೆ ತಲುಪಿದೆ ಎಂದು ಕೇಳಿ ಲೆಕ್ಕ ತೆಗೆದರೆ ಮಾತ್ರ.

ಮರೆವು-ನೆನಪಿನ ಪ್ರಶ್ನೆಯೂ ಹಾಗೇ ಇದೆ. 1948ರ ಎಲ್ಲ ಸಾವುಗಳನ್ನೂ ಪಠ್ಯದಲ್ಲಿ ಹೇಳಿದರೆ ಗಾಯ ಕೆರೆದಂತಾಗುವುದೋ, ಮಾಯಲು ಬಿಟ್ಟಂತಾಗುವುದೋ? ಸತ್ಯಶೋಧನಾ ಆಯೋಗ ನಡೆಸಿದ ದಕ್ಷಿಣ ಆಫ್ರಿಕಾದಲ್ಲೂ ಈ ವಾದ ಮುಗಿದಿಲ್ಲ.

2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು. ಜಾತಿಯನ್ನು ಅಲ್ಲಗಳೆದವರನ್ನು ನಾಡಿನ ಗುರುತಾಗಿ ಮಾಡಿಕೊಂಡರೆ ನಾಡು ಅವರತ್ತ ಹೋಗುತ್ತದೆಯೋ, ಅವರನ್ನು ತನ್ನತ್ತ ಎಳೆದುಕೊಂಡು ಮೆತ್ತಗೆ ಮಾಡುತ್ತದೆಯೋ ಎಂಬುದಕ್ಕೆ ಉತ್ತರ ಘೋಷಣೆಯಲ್ಲಿಲ್ಲ. ಮರಕುಂಬಿಯಂಥ ಊರುಗಳಲ್ಲಿ ನ್ಯಾಯಾಲಯದ ತೀರ್ಪಿನ ನಂತರವೂ ಒಂದೇ ಓಣಿಯಲ್ಲಿ ಬಾಳಬೇಕಾದವರ ನಡುವೆ ಶಿಕ್ಷೆ ಯಾವ ಬಗೆಯ ಶಾಂತಿ ತರುತ್ತದೆ, ಶಿಕ್ಷೆಯ ಜೊತೆಗೆ ಇನ್ನೇನು ಬೇಕು ಎಂಬುದೂ ಹಾಗೆಯೇ. ರಾಷ್ಟ್ರೀಯತೆಯ ಸಿದ್ಧಾಂತಿಗಳಲ್ಲಿ ಇಷ್ಟು ಸಣ್ಣ ಊರಿನ ಮಟ್ಟಕ್ಕಿಳಿದು ಬರೆದವರು ಕಡಿಮೆ. ಆ ಬರವಣಿಗೆ ಇಲ್ಲಿಂದಲೇ ಹುಟ್ಟಬೇಕಾಗಿದೆ.